ಕಂಪ್ಯೂಟರ್ ಜೋಡಿಸಿ ಮಾರಿ ದುಡ್ಡು ಮಾಡುವುದು ಹೇಗೆ: ಲೆಕ್ಕದಿಂದ ವಾರಂಟಿವರೆಗೆ

ನಾನು ಮಾರಿದ ಮೊದಲ ಕಂಪ್ಯೂಟರ್ ಮೂರು ಸಲ ವಾಪಸ್ ಬಂತು. ಮೊದಲ ಸಲ ಒಂದು ವೈರು ಫ್ಯಾನಿಗೆ ತಾಗಿ ಟಕಟಕ ಸದ್ದು. ಎರಡನೇ ಸಲ ಒಂದು ರ‍್ಯಾಮ್ ಸ್ಟಿಕ್ (ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ) ಕೆಟ್ಟಿತ್ತು, ಅದನ್ನು ನಾನು ಟೆಸ್ಟ್ ಮಾಡಿರಲೇ ಇಲ್ಲ. ಮೂರನೇ ಸಲ ಏನೂ ಆಗಿರಲಿಲ್ಲ. ಗಿರಾಕಿ ಮಾನಿಟರ್ ಕೇಬಲನ್ನು ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಬದಲು ಎಲ್ಲ ಭಾಗಗಳು ಕೂರುವ ಮದರ್‌ಬೋರ್ಡಿಗೆ ಹಾಕಿದ್ದರು, ಗೇಮ್ ತಡವರಿಸುತ್ತಿದೆ ಎಂದು ಪೂರ್ತಿ ಡಬ್ಬಿಯನ್ನೇ ಹೊತ್ತು ತಂದಿದ್ದರು. ಆ ಮೂರು ಸಲದ ಓಡಾಟದಲ್ಲಿ ನನಗೆ ಬಂದಿದ್ದ ಲಾಭ ಪೂರ್ತಿ ಕರಗಿತು.

ಆವತ್ತೇ ನನಗೆ ಈ ವ್ಯಾಪಾರದ ಗುಟ್ಟು ಗೊತ್ತಾಯಿತು. ಜೋಡಿಸುವುದು ಯಾರಿಗೂ ಬರುತ್ತದೆ, ಒಂದು ಸ್ಕ್ರೂಡ್ರೈವರ್, ಒಂದು ಮೇಜು, ಒಂದು ಸಂಜೆ ಇದ್ದರೆ ಸಾಕು. ದುಡ್ಡು ಉಳಿಯುವುದು ಮಾರಿದ ಮೇಲೆ ವಾಪಸ್ ಬಾರದ ಕಂಪ್ಯೂಟರಿನಲ್ಲಿ. ಮುಂದೆ ಬರೆದಿರುವ ಹೆಜ್ಜೆಗಳೆಲ್ಲ ಇದೊಂದಕ್ಕಾಗಿಯೇ.

ಹೆಜ್ಜೆ 1: ಒಂದು ಭಾಗವನ್ನೂ ಕೊಳ್ಳುವ ಮೊದಲು ಲೆಕ್ಕ ಹಾಕಿ

ಎಲ್ಲ ಭಾಗಗಳಿಗೆ ಸೇರಿ ನೀವು ಕೊಟ್ಟದ್ದು 100 ಎಂದುಕೊಳ್ಳಿ. 115ಕ್ಕೆ ಮಾರಿದಿರಿ. ಕೈಗೆ 15 ಬಂತು ಅನ್ನಿಸುತ್ತದೆ, ಅಲ್ವಾ? ಈಗ ಕಳೆಯುತ್ತಾ ಹೋಗಿ. ಪ್ಯಾಕಿಂಗಿಗೆ ಮತ್ತು ಸಾಗಿಸುವುದಕ್ಕೆ 3 ಹೋಯಿತು. ಆನ್‌ಲೈನ್ ತಾಣದಲ್ಲಿ ಮಾರಿದ್ದರೆ ಅವರ ಕಮಿಷನ್ 5. ಮುಂದೆ ಏನಾದರೂ ಕೆಟ್ಟರೆ ಇರಲಿ ಎಂದು 3 ಎತ್ತಿಟ್ಟಿರಿ. ಉಳಿದದ್ದು 4. ಈ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವು ಬೇರೆ ಇರುತ್ತವೆ. ಆದರೆ ಮೊದಲ ಸಲ ಕಾಗದದ ಮೇಲೆ ಬರೆದು ನೋಡಿದಾಗ ಬಹಳ ಜನರ ಮುಖ ಇಳಿಯುತ್ತದೆ. ತೆರಿಗೆಯನ್ನಂತೂ ನಾನು ಇನ್ನೂ ಸೇರಿಸಿಯೇ ಇಲ್ಲ.

ಆಮೇಲೆ ಗಂಟೆಗಳ ಲೆಕ್ಕ. ಗಿರಾಕಿ ಜೊತೆ ಮಾತು ಎರಡು ಗಂಟೆ, ಭಾಗ ಹುಡುಕಿ ಬೆಲೆ ಹೋಲಿಸುವುದು ಮೂರು, ಜೋಡಿಸುವುದು ಮೂರು, ಟೆಸ್ಟಿಗೆ ಕೂರಿಸಿ ಆಗಾಗ ಇಣುಕುವುದು ಒಂದು, ತಲುಪಿಸುವುದು ಒಂದು, ಆಮೇಲೆ ಬರುವ ಫೋನ್‌ಗಳು ಎರಡು. ಹನ್ನೆರಡು ಗಂಟೆ ಆಯಿತು. ಅಂದರೆ ಸ್ಕ್ರೂ ತಿರುಗಿಸುವ ಕೆಲಸ ಒಟ್ಟು ಸಮಯದ ಕಾಲು ಭಾಗ ಅಷ್ಟೇ.

ಹಾಗಾಗಿ ಶೇಕಡಾವಾರು ಲಾಭ ಇಟ್ಟುಕೊಳ್ಳುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಅಗ್ಗದ ಕಂಪ್ಯೂಟರಿಗೂ ದುಬಾರಿ ಕಂಪ್ಯೂಟರಿಗೂ ಹೆಚ್ಚೂಕಡಿಮೆ ಅಷ್ಟೇ ಗಂಟೆ ಬೇಕು, ಶೇಕಡಾ ಲೆಕ್ಕದಲ್ಲಿ ಹೋದರೆ ಅಗ್ಗದ್ದರಲ್ಲಿ ಪುಕ್ಕಟೆ ದುಡಿದಂತೆ ಆಗುತ್ತದೆ. ಕೂಲಿ ಎಂದು ಒಂದು ನಿಗದಿ ಮೊತ್ತ ಇಡಿ. ಅದರ ಮೇಲೆ, ಭಾಗಗಳ ಬೆಲೆಗೆ ತಕ್ಕಂತೆ, ಅಪಾಯಕ್ಕೆಂದು ಒಂದು ಸಣ್ಣ ಪಾಲು ಸೇರಿಸಿ. ಗ್ರಾಫಿಕ್ಸ್ ಕಾರ್ಡ್ ನಿಮ್ಮ ಕೈಯಿಂದ ಜಾರಿ ಬಿದ್ದರೆ ಅದರ ದುಡ್ಡು ಬರಬೇಕಾದದ್ದು ಆ ಪಾಲಿನಿಂದಲೇ.

ಹೆಜ್ಜೆ 2: ಯಾರಿಗೆ ಮಾರುತ್ತೀರಿ?

ಎಲ್ಲರೂ ಮೊದಲು ಓಡುವುದು ಗೇಮಿಂಗ್ ಕಡೆಗೆ. ಬಣ್ಣದ ದೀಪ, ಗಾಜಿನ ಬಾಗಿಲು, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಗೇಮರ್‌ಗಳಿಗೆ ಪ್ರತಿ ಭಾಗದ ಬೆಲೆಯೂ ಬಾಯಿಪಾಠ. "ಇದೇ ಕಾರ್ಡ್ ಅಲ್ಲಿ ಕಡಿಮೆಗೆ ಇದೆಯಲ್ಲ" ಎಂಬ ಮಾತು ದಿನಾ ಕೇಳಬೇಕು. ಅಲ್ಲಿ ಸ್ಪರ್ಧೆ ಜಾಸ್ತಿ, ಉಳಿಯುವುದು ಕಡಿಮೆ.

ಕಂಪ್ಯೂಟರನ್ನೇ ನಂಬಿ ದುಡಿಯುವ ಜನರನ್ನು ಹುಡುಕಿ. ವಿಡಿಯೋ ಎಡಿಟ್ ಮಾಡುವವರು, ಕಟ್ಟಡದ ನಕ್ಷೆ ಬರೆಯುವವರು, ಹಾಡು ರೆಕಾರ್ಡ್ ಮಾಡುವವರು, ಐದಾರು ಜನರ ಸಣ್ಣ ಆಫೀಸು. ಇವರಿಗೆ ಬೆಲೆಗಿಂತ ಮುಖ್ಯ ಕೆಲಸ ನಿಲ್ಲಬಾರದು ಅನ್ನುವುದು. ರೆಕಾರ್ಡಿಂಗ್ ಮಾಡುವವರಿಗೆ ಫ್ಯಾನಿನ ಸದ್ದು ಮೈಕಿಗೆ ಬೀಳಬಾರದು, ಅವರಿಗೆ ದೊಡ್ಡ ಕೂಲರ್, ನಿಧಾನ ತಿರುಗುವ ದೊಡ್ಡ ಫ್ಯಾನ್ ಹಾಕಿ ಕೊಟ್ಟರೆ ಖುಷಿಯಿಂದ ದುಡ್ಡು ಕೊಡುತ್ತಾರೆ. ನಕ್ಷೆ ಬರೆಯುವ ತಂತ್ರಾಂಶಗಳು ಬಹುಪಾಲು ಕೆಲಸವನ್ನು ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ಹಾಕುತ್ತವೆ, ಹಾಗಾಗಿ 16 ಕೋರ್‌ಗಳ ಪ್ರೊಸೆಸರ್‌ಗಿಂತ ಕಡಿಮೆ ಕೋರಿನ, ವೇಗ ಜಾಸ್ತಿ ಇರುವ ಪ್ರೊಸೆಸರ್ ಅವರಿಗೆ ಒಳ್ಳೆಯದು. ಮನೆಯಲ್ಲೇ ಎಐ ಮಾಡೆಲ್ ಓಡಿಸಬೇಕು ಎನ್ನುವವರಿಗೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯೇ ಎಲ್ಲ. 2020ರಲ್ಲಿ ಬಂದ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3090ಗೆ ಇಷ್ಟು ವರ್ಷದ ಮೇಲೂ ಬೇಡಿಕೆ ಇರುವುದು ಅದರ 24 ಜಿಬಿ ಮೆಮೊರಿಗಾಗಿ. ಈ ಥರದ ಒಂದು ವಿಷಯ ನಿಮಗೆ ಸರಿಯಾಗಿ ಗೊತ್ತಿದ್ದರೆ ಚೌಕಾಸಿ ತಾನಾಗಿ ಕಡಿಮೆಯಾಗುತ್ತದೆ.

ಇನ್ನೊಂದು ದಾರಿಯೂ ಇದೆ, ಬಂಡವಾಳ ಕಡಿಮೆ ಇರುವವರು ಇಲ್ಲಿಂದಲೇ ಶುರು ಮಾಡಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ತಲೆಮಾರಿನಿಂದ ಈಚಿನದು, ಎಎಂಡಿ ಕಂಪನಿಯ ರೈಜನ್ ಆದರೆ 2000 ಸರಣಿಯಿಂದ ಈಚಿನದು ಇರಬೇಕು. ಆಫೀಸುಗಳು ಹೊರಹಾಕುವ 8ನೇ ತಲೆಮಾರಿನ ಡಬ್ಬಿಗಳನ್ನು ಕೊಂಡು, ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ, ರ‍್ಯಾಮ್ ಹೆಚ್ಚಿಸಿ, ಧೂಳು ತೆಗೆದು ಮಾರಬಹುದು. ಅದಕ್ಕಿಂತ ಹಳೆಯವು ತುಂಬಾ ಅಗ್ಗಕ್ಕೆ ಸಿಗುತ್ತವೆ. ಆಸೆಪಟ್ಟು ಗುಡ್ಡೆ ಹಾಕಿಕೊಳ್ಳಬೇಡಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಬಳಸುವವರನ್ನು ಬಿಟ್ಟರೆ ಬೇರೆ ಯಾರೂ ತಿರುಗಿ ನೋಡುವುದಿಲ್ಲ.

ಹೆಜ್ಜೆ 3: ಗಿರಾಕಿಯನ್ನು ಕೇಳಬೇಕಾದದ್ದು

"ಬಜೆಟ್ ಎಷ್ಟು?" ಎಂದು ಶುರು ಮಾಡಬೇಡಿ. "ಈಗಿನ ಕಂಪ್ಯೂಟರಿನಲ್ಲಿ ಏನು ಸಿಟ್ಟು ಬರಿಸುತ್ತಿದೆ?" ಎಂದು ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆಮೇಲೆ ಯಾವ ತಂತ್ರಾಂಶ, ಮಾನಿಟರಿನ ರೆಸಲ್ಯೂಶನ್ ಎಷ್ಟು, ಡಬ್ಬಿ ಎಲ್ಲಿ ಇಡುತ್ತಾರೆ, ವೈಫೈ ಬೇಕಾ, ಹಳೆಯ ಡಿಸ್ಕಿನಿಂದ ಏನಾದರೂ ತರಬೇಕಾ. ಮಾನಿಟರ್ ಕೇಳುವುದನ್ನು ಮಾತ್ರ ಮರೆಯಬೇಡಿ. 1080ಪಿ ಮಾನಿಟರ್ ಇಟ್ಟುಕೊಂಡು 4ಕೆ ಗೇಮಿಗೆ ಮಾಡಿದ ಕಾರ್ಡ್ ಕೇಳುವವರು ಇದ್ದಾರೆ. ಅವರಿಗೆ ದುಡ್ಡು ಉಳಿಸಿಕೊಟ್ಟರೆ ಇನ್ನಿಬ್ಬರನ್ನು ಅವರೇ ಕರೆತರುತ್ತಾರೆ.

ಮಾತಾಡಿದ್ದೆಲ್ಲ ಒಂದು ಮೆಸೇಜಿನಲ್ಲಿ ಬರೆದು ಕಳಿಸಿ, "ಸರಿ" ಎಂಬ ಉತ್ತರ ಬರುವ ತನಕ ಮುಂದೆ ಹೋಗಬೇಡಿ.

ಹೆಜ್ಜೆ 4: ಒಂದಕ್ಕೊಂದು ಹೊಂದುವ ಭಾಗಗಳನ್ನು ಆರಿಸುವುದು

ಜೋಡಿ ತಪ್ಪಿದರೆ ಮೊದಲ ನಷ್ಟ ಇಲ್ಲೇ. ಪ್ರೊಸೆಸರಿನ ಸಾಕೆಟ್ಟೂ (ಅದು ಕೂರುವ ಜಾಗದ ಬಗೆ) ಬೋರ್ಡಿನ ಸಾಕೆಟ್ಟೂ ಒಂದೇ ಇರಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಎಡವುವುದು ಅದರ ಮುಂದೆ. ಇಂಟೆಲ್‌ನ 12ನೇ ತಲೆಮಾರಿನಿಂದ 14ನೇ ತಲೆಮಾರಿನವರೆಗಿನ ಬೋರ್ಡುಗಳು ಎರಡು ಬಗೆಯಲ್ಲಿ ಬಂದವು, ಕೆಲವಕ್ಕೆ ಡಿಡಿಆರ್ 4 ರ‍್ಯಾಮ್, ಕೆಲವಕ್ಕೆ ಹೊಸ ಬಗೆಯ ಡಿಡಿಆರ್ 5. ಹೆಸರು ನೋಡಿದರೆ ಅವಳಿ ಮಕ್ಕಳ ಹಾಗೆ ಇರುತ್ತವೆ. ಎರಡು ರ‍್ಯಾಮ್‌ಗಳ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಒಂದರಲ್ಲಿ ಇನ್ನೊಂದು ಕೂರುವುದೇ ಇಲ್ಲ. ಎಎಂಡಿಯ ಎಎಂ5 ಬೋರ್ಡುಗಳಲ್ಲಿ ಈ ಗೊಂದಲ ಇಲ್ಲ, ಅಲ್ಲಿ ಡಿಡಿಆರ್ 5 ಮಾತ್ರ.

ಆನ್ ಆದ ತಕ್ಷಣ ಓಡುವ ಬೋರ್ಡಿನ ಒಳಗಿನ ತಂತ್ರಾಂಶ, ಅಂದರೆ ಬಯೋಸ್, ಎಡವುವ ಇನ್ನೊಂದು ಜಾಗ. ಸಾಕೆಟ್ ಸರಿ ಇದ್ದರೂ, ಬೋರ್ಡ್ ಗೋದಾಮಿನಲ್ಲಿ ಬಹಳ ದಿನ ಕೂತು ಬಯೋಸ್ ಹಳೆಯದಾಗಿದ್ದರೆ ಹೊಸ ಪ್ರೊಸೆಸರ್ ಅದಕ್ಕೆ ಗುರುತೇ ಸಿಗುವುದಿಲ್ಲ. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ಹಾಕಬಲ್ಲ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ನಾನು ಕೊಳ್ಳುತ್ತೇನೆ. ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಆಫೀಸಿನ ಕಂಪ್ಯೂಟರಿಗೆ ಅಗ್ಗವೆಂದು ಅದನ್ನು ತಂದರೆ ಪರದೆಯಲ್ಲಿ ಏನೂ ಬರುವುದಿಲ್ಲ. ವಿಡಿಯೋ ಎಡಿಟ್ ಮಾಡುವವರಿಗೂ ಎಫ್ ಬೇಡ, ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ (ವಿಡಿಯೋ ಬೇಗ ತಯಾರಿಸುವ ಸೌಲಭ್ಯ) ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಎಂ.2 ಎಸ್‌ಎಸ್‌ಡಿಗಳಲ್ಲಿ ಎನ್‌ವಿಎಂಇ ಮತ್ತು ಸಾಟಾ ಎಂದು ಎರಡು ಜಾತಿ, ಆಕಾರ ಒಂದೇ ಥರ, ಬೋರ್ಡಿನ ಜೊತೆ ಮಾತಾಡುವ ರೀತಿ ಬೇರೆ. ಕೆಲವು ಬೋರ್ಡುಗಳಲ್ಲಿ ಎರಡನೇ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ಸುಮ್ನೆ ಸತ್ತುಹೋಗುತ್ತವೆ. ಬೋರ್ಡಿನ ಕೈಪಿಡಿ ಓದಿ, ಬೇಜಾರಾದರೂ ಓದಿ. ಕ್ಯಾಬಿನೆಟ್‌ಗೆ ಮುಖ್ಯವಾಗಿ ಎರಡು ಅಳತೆ ನೋಡಿ: ಗ್ರಾಫಿಕ್ಸ್ ಕಾರ್ಡಿನ ಉದ್ದ, ಕೂಲರಿನ ಎತ್ತರ.

ಈಗ ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ಕರೆಂಟು ಕೊಡುವ ಡಬ್ಬಿ. ದುಡ್ಡು ಉಳಿಸಲು ಜನ ಮೊದಲು ಕೈಹಾಕುವುದು ಇದಕ್ಕೇ, ನನ್ನ ಪ್ರಕಾರ ಕೊನೆಗೂ ಕೈಹಾಕಬಾರದ ಭಾಗ ಇದು. 80 ಪ್ಲಸ್ ಗೋಲ್ಡ್, ಬ್ರಾಂಜ್ ಎಂಬ ಸ್ಟಿಕ್ಕರ್ ಹೇಳುವುದು ಎಷ್ಟು ಕರೆಂಟು ಬಿಸಿಯಾಗಿ ವ್ಯರ್ಥವಾಗುತ್ತದೆ ಎಂಬುದನ್ನು ಮಾತ್ರ. ಒಳಗಿನ ಕೆಪಾಸಿಟರ್ ಎಷ್ಟು ಒಳ್ಳೆಯದು, ಶಾರ್ಟ್ ಆದಾಗ ತಾನೇ ಆಫ್ ಆಗುತ್ತದಾ ಎನ್ನುವುದನ್ನು ಅದು ಹೇಳುವುದಿಲ್ಲ. ಇತ್ತೀಚಿನ ದೊಡ್ಡ ಕಾರ್ಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತಮ್ಮ ನಿಗದಿಗಿಂತ ಬಹಳ ಜಾಸ್ತಿ ಕರೆಂಟು ಎಳೆದು ಬಿಡುತ್ತವೆ. ಎಸ್‌ಎಂಪಿಎಸ್ ಬಿಗಿಯಾಗಿ ಲೆಕ್ಕ ಹಾಕಿದ್ದರೆ ಆ ಕ್ಷಣದಲ್ಲಿ ಕಂಪ್ಯೂಟರ್ ಆಫ್. ಬೇಕಾದ ವ್ಯಾಟ್ ಲೆಕ್ಕ ಹಾಕಿ ಅದರ ಮೇಲೆ ಕಾಲು ಭಾಗವಾದರೂ ಜಾಸ್ತಿ ಇಡಿ.

ಹೆಜ್ಜೆ 5: ಕೊಳ್ಳುವುದು

ಈ ವ್ಯಾಪಾರದಲ್ಲಿ ಬೆಲೆಗಳು ಕುಣಿಯುತ್ತವೆ. 2020, 2021ರಲ್ಲಿ ಗ್ರಾಫಿಕ್ಸ್ ಕಾರ್ಡ್ ಸಿಗುವುದೇ ದುಸ್ತರವಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ಗ್ರಾಫಿಕ್ಸ್ ಕಾರ್ಡಿನಿಂದ ಗಳಿಸುವ ಪದ್ಧತಿ ಬಿಟ್ಟಿದ್ದೇ ತಡ, ಆ ನಾಣ್ಯಕ್ಕಾಗಿ ಹಗಲುರಾತ್ರಿ ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಹರಿದುಬಂದವು. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಹಸಿವಿನಿಂದ ರ‍್ಯಾಮ್ ಬೆಲೆ ಗಗನಕ್ಕೇರಿತು. ದುಬಾರಿ ಹೊತ್ತಿನಲ್ಲಿ ಕೊಂಡು ಶೆಲ್ಫಿನಲ್ಲಿ ಜೋಡಿಸಿಟ್ಟವರು ಬೆಲೆ ಇಳಿದಾಗ ಕೈ ಸುಟ್ಟುಕೊಳ್ಳುತ್ತಾರೆ.

ಅದಕ್ಕೇ ಸ್ಟಾಕ್ ಇಡಬೇಡಿ. ಆರ್ಡರ್ ಬಂದ ಮೇಲೆ ಕೊಳ್ಳಿ. ಮೈಕೆಲ್ ಡೆಲ್ 1984ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ 1,000 ಡಾಲರ್ ಬಂಡವಾಳದಲ್ಲಿ ಶುರು ಮಾಡಿದ ಕಂಪನಿ ಮುಂದೆ ಅಷ್ಟು ದೊಡ್ಡದಾಗಿ ಬೆಳೆದದ್ದರಲ್ಲಿ, ಆರ್ಡರ್ ಬಂದ ಮೇಲೆ ಜೋಡಿಸುವ ಪದ್ಧತಿಯ ಪಾಲು ದೊಡ್ಡದು. ನಿಮ್ಮ ಕೊಟೇಶನ್‌ನಲ್ಲಿ "ಈ ಬೆಲೆ 3 ದಿನ ಮಾತ್ರ" ಎಂದು ಬರೆಯಿರಿ. ಭಾಗಗಳ ಪೂರ್ತಿ ದುಡ್ಡು ಅಡ್ವಾನ್ಸ್ ಬಂದ ಮೇಲೆಯೇ ಅಂಗಡಿಗೆ ಆರ್ಡರ್ ಹಾಕಿ. ಅರ್ಧ ಅಡ್ವಾನ್ಸ್ ಕೊಟ್ಟು ಕಾಣೆಯಾದ ಗಿರಾಕಿಯೊಬ್ಬರ ಗುಲಾಬಿ ಬಣ್ಣದ ಕ್ಯಾಬಿನೆಟ್ ನನ್ನ ಬಳಿ ಎಂಟು ತಿಂಗಳು ಇತ್ತು.

ಸೆಕೆಂಡ್ ಹ್ಯಾಂಡ್ ಭಾಗಗಳಲ್ಲಿ ಲಾಭ ಜಾಸ್ತಿ, ಹಾಗೇ ಮೋಸವೂ ಜಾಸ್ತಿ. ಗ್ರಾಫಿಕ್ಸ್ ಕಾರ್ಡನ್ನು ಮಾರುವವರ ಎದುರಿಗೇ ಇಪ್ಪತ್ತು ನಿಮಿಷ ಪೂರ್ತಿ ಲೋಡ್ ಹಾಕಿ ಓಡಿಸಿ. ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದು, ಹೆಸರು ಬದಲಿಸಿದ ನಕಲಿ ಕಾರ್ಡಾ ಎಂದು ನೋಡಿ. ಎಸ್‌ಎಸ್‌ಡಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು, ಎಷ್ಟು ಬರೆದಿದೆ, ಎಷ್ಟು ಗಂಟೆ ಓಡಿದೆ, ಎಲ್ಲ ಬಾಯಿಬಿಡುತ್ತದೆ. ಇಂಟೆಲ್ 13 ಮತ್ತು 14ನೇ ತಲೆಮಾರಿನ ಶಕ್ತಿಶಾಲಿ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಒಂದು ದೋಷ ಇತ್ತು, ವೋಲ್ಟೇಜ್ ಜಾಸ್ತಿಯಾಗಿ ಒಳಗೇ ಸವೆಯುತ್ತಿದ್ದವು. ಇಂಟೆಲ್ 2024ರಲ್ಲಿ ಬಯೋಸ್ ಮೂಲಕ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದುಹೋದದ್ದು ಬಯೋಸ್ ಹಾಕಿದರೆ ಸರಿಯಾಗುವುದಿಲ್ಲ. ಅಂಥ ಪ್ರೊಸೆಸರ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಗಟ್ಟಿಯಾಗಿ ಟೆಸ್ಟ್ ಮಾಡದೆ ಮುಟ್ಟಬೇಡಿ. ಎಸ್‌ಎಂಪಿಎಸ್ ಅಂತೂ ಯಾವತ್ತೂ ಹೊಸದೇ. ಕದ್ದ ಮಾಲು ಗಂಟು ಬೀಳದಿರಲಿ ಎಂದಾದರೆ ಹಳೆಯ ಬಿಲ್ ಕೇಳಿ.

ಹೆಜ್ಜೆ 6: ಜೋಡಿಸುವುದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ವಿಡಿಯೋ ಬೇಕಾದಷ್ಟಿವೆ. ಕ್ರಮ ಮಾತ್ರ ಹೀಗಿರಲಿ.

ಮೊದಲು ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲೆ ಇಡಿ. ಮೈಯಲ್ಲಿ ಸ್ಟ್ಯಾಟಿಕ್ ಕರೆಂಟು ಉಳಿಯದಂತೆ ಬಣ್ಣ ಬಳಿಯದ ಲೋಹವನ್ನು ಆಗಾಗ ಮುಟ್ಟಿ. ಪ್ರೊಸೆಸರ್ ಮೂಲೆಯ ತ್ರಿಕೋನ ನೋಡಿ ಕೂರಿಸಿ, ಒತ್ತಬೇಡಿ. ರ‍್ಯಾಮ್ ಎರಡು ಸ್ಟಿಕ್ ಇದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಹಾಕಿ. ಎಂ.2 ಹಾಕಿ. ಕೂಲರ್ ಕೂರಿಸುವ ಮೊದಲು ಅದರ ತಳದ ಪ್ಲಾಸ್ಟಿಕ್ ಹಾಳೆ ತೆಗೆಯಿರಿ. ನಗಬೇಡಿ, ನಾನೂ ಒಮ್ಮೆ ಮರೆತಿದ್ದೇನೆ.

ಇಷ್ಟಾದ ಮೇಲೆ ಕ್ಯಾಬಿನೆಟ್ ಒಳಗೆ ಹಾಕುವ ಮೊದಲೇ ಒಮ್ಮೆ ಆನ್ ಮಾಡಿ. ಎಸ್‌ಎಂಪಿಎಸ್ ಜೋಡಿಸಿ, ಪವರ್ ಬಟನ್ನಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸಿದರೆ ಸಾಕು. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡನ್ನೂ ಚುಚ್ಚಬೇಕಾಗುತ್ತದೆ. ಡಿಡಿಆರ್ 5 ಬೋರ್ಡು ಮೊದಲ ಸಲ ಆನ್ ಆದಾಗ ರ‍್ಯಾಮನ್ನು ಪರಿಚಯ ಮಾಡಿಕೊಳ್ಳುತ್ತಾ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಕೆಟ್ಟಿತು ಎಂದು ಗಾಬರಿಯಿಂದ ಆಫ್ ಮಾಡಬೇಡಿ. ಹೋಗಿ ಕೈಕಾಲು ತೊಳೆದುಕೊಂಡು ಬನ್ನಿ.

ಆಮೇಲೆ ಕ್ಯಾಬಿನೆಟ್. ಹಿಂಬದಿಯ ಐಓ ಶೀಲ್ಡ್ (ಪೋರ್ಟುಗಳ ಸುತ್ತ ಕೂರುವ ತಗಡು) ಮೊದಲು, ಬೋರ್ಡು ಆಮೇಲೆ. ಬೋರ್ಡಿನ ತೂತು ಇಲ್ಲದ ಜಾಗದಲ್ಲಿ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಲೋಹದ ಗೂಟ) ಇದ್ದರೆ ತೆಗೆದುಬಿಡಿ, ಅದು ಹಿಂದಿನಿಂದ ಶಾರ್ಟ್ ಮಾಡುತ್ತದೆ. ವಾಟರ್ ಕೂಲರ್ ಆದರೆ ಇಡೀ ಸರ್ಕಿಟಿನಲ್ಲಿ ಪಂಪ್ ಎಲ್ಲಕ್ಕಿಂತ ಮೇಲಿರಬಾರದು, ಗಾಳಿ ಗುಳ್ಳೆ ಅಲ್ಲೇ ಸೇರಿಕೊಳ್ಳುತ್ತದೆ. ಬಿಚ್ಚಿ ಹಾಕುವ ಕೇಬಲ್‌ಗಳ ಎಸ್‌ಎಂಪಿಎಸ್ ಆದರೆ ಅದರ ಜೊತೆ ಬಂದ ಕೇಬಲ್ ಬಿಟ್ಟು ಬೇರೆ ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ವೈರುಗಳ ಕ್ರಮ ಬೇರೆ ಇರುತ್ತದೆ, ಡಿಸ್ಕುಗಳು ಒಂದೇ ಏಟಿಗೆ ಸುಟ್ಟುಹೋಗುತ್ತವೆ. ದೊಡ್ಡ ಎನ್‌ವಿಡಿಯಾ ಕಾರ್ಡುಗಳ ಆ ಸಣ್ಣ 16 ಪಿನ್ನಿನ ಕನೆಕ್ಟರ್ ಇದೆಯಲ್ಲ, 2022ರಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಕೆಲವು ಕರಗಿದವು, ಪೂರ್ತಿ ಒಳಗೆ ಕೂರದಿದ್ದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಟಾರ್ಚ್ ಹಿಡಿದು ನೋಡಿ, ಸಂದಿ ಕಾಣಬಾರದು. ಕನೆಕ್ಟರಿನ ಬುಡದಲ್ಲೇ ವೈರನ್ನು ಬಗ್ಗಿಸಬೇಡಿ.

ಹೆಜ್ಜೆ 7: ಟೆಸ್ಟ್, ಒಂದು ಪೂರ್ತಿ ದಿನ

ನಾನು ಬೇರೆ ಎಲ್ಲದರಲ್ಲಿ ಅವಸರ ಮಾಡಿದರೂ ಇಲ್ಲಿ ಮಾಡುವುದಿಲ್ಲ. ಗಿರಾಕಿ ಎಷ್ಟೇ ಫೋನ್ ಮಾಡಲಿ, ಜೋಡಿಸಿದ ದಿನವೇ ಕೊಡುವುದಿಲ್ಲ.

ಮೊದಲು ಬಯೋಸ್ ಹೊಸದು ಹಾಕಿ. ಆಮೇಲೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮಿಗೆ ಪೂರ್ತಿ ವೇಗ ಕೊಡುವ ಬಯೋಸ್ ಸೆಟ್ಟಿಂಗ್) ಆನ್ ಮಾಡಿ. ಇದನ್ನು ಮರೆತರೆ 6000 ವೇಗದ ಡಿಡಿಆರ್ 5 ರ‍್ಯಾಮ್ 4800ರಲ್ಲೇ ಓಡುತ್ತಿರಬಹುದು, ದುಡ್ಡು ಕೊಟ್ಟ ವೇಗ ಗಿರಾಕಿಗೆ ಸಿಗುವುದೇ ಇಲ್ಲ. ಆನ್ ಮಾಡಿದ ಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್‌ಡ್ರೈವಿನಿಂದ ಹಾಕಿ ರಾತ್ರಿ ಮಲಗಿ. ಪುಕ್ಕಟೆ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. ಬೆಳಗ್ಗೆ ಒಂದೇ ಒಂದು ದೋಷ ತೋರಿಸಿದರೂ ಆ ರ‍್ಯಾಮ್ ಅಂಗಡಿಗೆ ವಾಪಸ್. "ಒಂದೇ ತಾನೇ" ಎಂದು ಬಿಟ್ಟರೆ ಮೂರು ತಿಂಗಳ ಮೇಲೆ ಕಾರಣ ಗೊತ್ತಾಗದ ನೀಲಿ ಪರದೆಯಾಗಿ ನಿಮ್ಮ ಬಾಗಿಲಿಗೇ ಬರುತ್ತದೆ.

ಬೆಳಗ್ಗೆ ಎದ್ದವರೇ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಆನ್ ಮಾಡಿ ನೋಡಿ, ಕೆಲವು ದೋಷ ತಣ್ಣಗಿದ್ದಾಗ ಮಾತ್ರ ಕಾಣುತ್ತವೆ. ಆಮೇಲೆ ಭಾರ ಹಾಕಿ ಪರೀಕ್ಷಿಸುವ ತಂತ್ರಾಂಶಗಳು: ಸಿನೆಬೆಂಚ್ ಅರ್ಧ ಗಂಟೆ, ಓಸಿಸಿಟಿ ಒಂದು ಗಂಟೆ, ಗ್ರಾಫಿಕ್ಸ್ ಕಾರ್ಡಿಗೆ ಒಂದು ಭಾರದ ಗೇಮ್ ಅಥವಾ 3ಡಿಮಾರ್ಕ್ ಸುತ್ತು ಸುತ್ತಾಗಿ. ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟು ಬಿಸಿ ಎಷ್ಟಾಯಿತು ಎಂದು ಬರೆದುಕೊಳ್ಳಿ. ರೈಜನ್ 7000 ಸರಣಿಯ ದೊಡ್ಡ ಪ್ರೊಸೆಸರುಗಳು ಪೂರ್ತಿ ಲೋಡಿನಲ್ಲಿ 95 ಡಿಗ್ರಿ ಮುಟ್ಟುವುದು ಸಹಜ, ಅವನ್ನು ಮಾಡಿರುವುದೇ ಹಾಗೆ. ಗಿರಾಕಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಯಾವುದೋ ಆ್ಯಪಿನಲ್ಲಿ ನೋಡಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ.

ಆಮೇಲೆ ಯಾರೂ ಮಾಡದ ಸಣ್ಣ ಕೆಲಸಗಳು. ಪ್ರತಿ ಯುಎಸ್‌ಬಿ ಪೋರ್ಟಿಗೆ ಪೆನ್‌ಡ್ರೈವ್ ಹಾಕಿ ತೆಗೆಯಿರಿ. ಮುಂದಿನ ಹೆಡ್‌ಫೋನ್ ಜಾಕ್, ಮೈಕ್, ವೈಫೈ, ಬ್ಲೂಟೂತ್, ಸ್ಲೀಪ್‌ಗೆ ಹೋಗಿ ಏಳುತ್ತದಾ ಎಂಬುದು. ಡಬ್ಬಿಯನ್ನು ಸ್ವಲ್ಪ ಓರೆ ಮಾಡಿ ಸದ್ದು ಕೇಳಿ, ನನ್ನ ಮೊದಲ ಗಿರಾಕಿಗೆ ಕೇಳಿದ ಆ ಟಕಟಕ ನಿಮಗೆ ಮೊದಲು ಕೇಳಬೇಕು. ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಮಾರುವಾಗಲೂ ಅದು ಕೆಲಸಕ್ಕೆ ಬರುತ್ತದೆ.

ಹೆಜ್ಜೆ 8: ವಿಂಡೋಸ್ ವಿಷಯ

ಕದ್ದ ವಿಂಡೋಸ್ ಹಾಕಿ ಮಾರಬೇಡಿ. ಕಾನೂನಿನ ಮಾತು ಒಂದು ಕಡೆ. ಆ್ಯಕ್ಟಿವೇಟ್ ಮಾಡುವ ಕಳ್ಳ ತಂತ್ರಾಂಶಗಳ ಜೊತೆ ವೈರಸ್ ಬರುತ್ತದೆ, ಗಿರಾಕಿಯ ಬ್ಯಾಂಕ್ ಪಾಸ್‌ವರ್ಡ್ ಹೋದರೆ ಬೆರಳು ತೋರಿಸುವುದು ನಿಮ್ಮ ಕಡೆಗೇ. ತೀರಾ ಅಗ್ಗದ ಕೀಗಳೂ ಬೇಡ, ಕೆಲವು ತಿಂಗಳಾದ ಮೇಲೆ ಮೈಕ್ರೋಸಾಫ್ಟ್ ಅವನ್ನು ರದ್ದು ಮಾಡಬಹುದು. ಕಂಪ್ಯೂಟರ್ ಜೋಡಿಸುವವರಿಗೆಂದು ಮಾಡಿದ ಓಇಎಂ ಲೈಸೆನ್ಸ್ ಮೊದಲು ಹಾಕಿದ ಮದರ್‌ಬೋರ್ಡಿಗೆ ಅಂಟಿಕೊಳ್ಳುತ್ತದೆ, ಬಿಡಿಯಾಗಿ ಮಾರುವ ರೀಟೇಲ್ ಲೈಸೆನ್ಸ್ ಆದರೆ ಮುಂದಿನ ಕಂಪ್ಯೂಟರಿಗೂ ಒಯ್ಯಬಹುದು. ಎರಡರ ಬೆಲೆಯನ್ನೂ ಹೇಳಿ, ಅವರೇ ಆರಿಸಲಿ. ಬೇಡ ಎಂದರೆ ಖಾಲಿ ಡಿಸ್ಕಿನಲ್ಲಿ ಕೊಡಿ, ಅಥವಾ ಲಿನಕ್ಸ್ ಹಾಕಿ.

ಟೆಸ್ಟ್ ಮುಗಿದ ಮೇಲೆ ಡಿಸ್ಕ್ ಅಳಿಸಿ ಮತ್ತೆ ವಿಂಡೋಸ್ ಹಾಕಿ, ಹೆಸರು ಕೇಳುವ ಮೊದಲ ಪರದೆಯಲ್ಲೇ ನಿಲ್ಲಿಸಿ ಕೊಡುತ್ತೇನೆ. ಅವರ ಪಾಸ್‌ವರ್ಡ್ ನನಗೆ ಗೊತ್ತಿರಬಾರದು, ಅಷ್ಟೇ. ಅವರ ಹಳೆಯ ಡಿಸ್ಕನ್ನು ನೀವು ಕೊಂಡರೆ ಸೆಕ್ಯೂರ್ ಎರೇಸ್ (ಮತ್ತೆ ಸಿಗದಂತೆ ಅಳಿಸುವುದು) ಮಾಡದೆ ಯಾರಿಗೂ ಮಾರಬೇಡಿ, ಕ್ವಿಕ್ ಫಾರ್ಮ್ಯಾಟ್ ಆದ ಡಿಸ್ಕಿನಿಂದ ಫೋಟೋಗಳು ಸುಲಭವಾಗಿ ಎದ್ದುಬರುತ್ತವೆ.

ಹೆಜ್ಜೆ 9: ಬೆಲೆ ಹೇಳುವುದು, ಗಿರಾಕಿ ಹಿಡಿಯುವುದು

ಬಿಲ್ಲಿನಲ್ಲಿ ಮೂರು ಸಾಲು: ಭಾಗಗಳು, ಕೂಲಿ, ವಾರಂಟಿ ಸೇವೆ. ಕೂಲಿಯನ್ನು ಭಾಗಗಳ ಬೆಲೆಯಲ್ಲಿ ಬಚ್ಚಿಟ್ಟರೆ ಎರಡು ನಿಮಿಷ ಹುಡುಕಿ ಕಂಡುಹಿಡಿಯುತ್ತಾರೆ, ಆಮೇಲೆ ನಿಮ್ಮ ಒಂದು ಮಾತನ್ನೂ ನಂಬುವುದಿಲ್ಲ. ಬಿಚ್ಚಿ ಹೇಳಿದರೆ ಚೌಕಾಸಿ ಬರೀ ಕೂಲಿಯ ಮೇಲೆ ಬರುತ್ತದೆ. ಆಗ ಕೂಲಿ ಇಳಿಸಬೇಡಿ, ಕೆಲಸ ಇಳಿಸಿ: "ವಾರಂಟಿ ಸೇವೆ ಬೇಡ ಅಂದರೆ ಇಷ್ಟು." ಹೆಚ್ಚಿನವರು ಅದನ್ನು ಬಿಡುವುದಿಲ್ಲ.

ಜಾಹೀರಾತಿನಲ್ಲಿ ಭಾಗಗಳ ಪಟ್ಟಿ ಕೆಳಗೆ ಇರಲಿ, ಮೇಲೆ ಕೆಲಸ ಬರೆಯಿರಿ. "4ಕೆ ವಿಡಿಯೋ ಎಡಿಟಿಂಗಿಗೆ, ಸದ್ದಿಲ್ಲದ್ದು" ಎಂದರೆ ಬೇಕಾದವರಿಗೆ ತಕ್ಷಣ ಹೊಳೆಯುತ್ತದೆ. ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ. ದೀಪ ಹೊಳೆಯುವ ಮುಂಭಾಗ ಒಂದು ಸಾಕು, ಹಿಂದಿನ ಬಾಗಿಲು ತೆಗೆದು ವೈರು ಕಟ್ಟಿರುವುದನ್ನು ತೋರಿಸಿ, ಪಕ್ಕದಲ್ಲಿ ಟೆಸ್ಟಿನ ಸ್ಕ್ರೀನ್‌ಶಾಟ್ ಹಾಕಿ. ಮೊದಲ ಮೂರ್ನಾಲ್ಕು ಗಿರಾಕಿಗಳು ಪರಿಚಯದವರೇ ಇರುತ್ತಾರೆ. ಅವರಿಗೆ ಬೇಕಾದರೆ ಕೂಲಿ ಕಡಿಮೆ ಮಾಡಿ, ಆದರೆ ಪುಕ್ಕಟೆ ಮಾಡಬೇಡಿ. ಪುಕ್ಕಟೆ ಮಾಡಿಕೊಟ್ಟದ್ದಕ್ಕೆ ಜೀವನಪರ್ಯಂತ ರಿಪೇರಿಯೂ ಪುಕ್ಕಟೆ!

ಹೆಜ್ಜೆ 10: ಪ್ಯಾಕ್ ಮಾಡಿ ತಲುಪಿಸುವುದು

ಸಾಧ್ಯವಾದರೆ ನೀವೇ ಕೊಂಡುಹೋಗಿ ಕೊಡಿ. ಪಾರ್ಸೆಲ್ ಕಳಿಸಲೇಬೇಕು ಎಂದಾದರೆ ಭಾರದ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ, ಆಂಟಿ ಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಅದರದೇ ಡಬ್ಬದಲ್ಲಿ ಇಡಿ. ಇಲ್ಲವಾದರೆ ದಾರಿಯಲ್ಲಿ ಕುಲುಕಿ ಸ್ಲಾಟನ್ನೇ ಕಿತ್ತುಕೊಂಡು ಬರುತ್ತದೆ. ಎತ್ತರದ ಏರ್ ಕೂಲರಿಗೂ ಇದೇ ಮಾತು. ಕ್ಯಾಬಿನೆಟ್ ಬಂದ ಡಬ್ಬ ಮತ್ತು ಥರ್ಮೋಕೋಲನ್ನು ಎಸೆಯಬೇಡಿ, ಅದರಲ್ಲೇ ಹಾಕಿ ಇನ್ನೊಂದು ದೊಡ್ಡ ಡಬ್ಬದೊಳಗೆ ಇಡಿ. ಒಳಗೆ ತುಂಬಿಸಿದ ಗಾಳಿ ಚೀಲ ತೆಗೆಯದೆ ಆನ್ ಮಾಡಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದು ಹೊರಗೆ ಅಂಟಿಸಿ. ಪ್ಯಾಕ್ ಮಾಡುವುದನ್ನು ವಿಡಿಯೋ ಮಾಡಿ, ಎಲ್ಲ ಸೀರಿಯಲ್ ನಂಬರ್ ಕಾಣಿಸುವ ಹಾಗೆ. ವಿಮೆ ಮಾಡಿಸಿ.

ಮತ್ತೆ ಆ ಮಾನಿಟರ್ ಕೇಬಲ್. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಆದರೆ ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟಿಗೆ ರಬ್ಬರ್ ಮುಚ್ಚಳ ಹಾಕಿ, ಕಾರ್ಡಿನ ಪೋರ್ಟಿನ ಕಡೆಗೆ ಬಾಣದ ಸ್ಟಿಕ್ಕರ್ ಅಂಟಿಸಿ ಕಳಿಸುತ್ತೇನೆ. ಈ ಎರಡಕ್ಕೆ ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಎಷ್ಟು ಓಡಾಟ ತಪ್ಪಿಸಿದೆ ಎಂದು ಲೆಕ್ಕ ಇಟ್ಟಿಲ್ಲ.

ಹೆಜ್ಜೆ 11: ಮಾರಿದ ಮೇಲೆ

ವಾರಂಟಿಯನ್ನು ಬಾಯಿಮಾತಿನಲ್ಲಿ ಕೊಡಬೇಡಿ. ಒಂದು ಹಾಳೆ ಸಾಕು. ನನ್ನ ಕೆಲಸಕ್ಕೆ ಒಂದು ವರ್ಷ, ಭಾಗಗಳಿಗೆ ಅವುಗಳ ಕಂಪನಿ ಕೊಟ್ಟಷ್ಟು. ನೀರು ಚೆಲ್ಲಿದ್ದು, ಬಿದ್ದದ್ದು, ವೈರಸ್, ತಾವೇ ಓವರ್‌ಕ್ಲಾಕ್ (ನಿಗದಿಗಿಂತ ಜಾಸ್ತಿ ವೇಗ) ಮಾಡಿಕೊಂಡದ್ದು ಇದರಲ್ಲಿ ಸೇರಿಲ್ಲ. ಕೆಲವು ಕಂಪನಿಗಳು ಸೀರಿಯಲ್ ನಂಬರ್ ನೋಡಿ ವಾರಂಟಿ ಕೊಡುತ್ತವೆ, ಕೆಲವು ಮೊದಲು ಕೊಂಡವರಿಗೆ ಮಾತ್ರ. ಹಾಗಾಗಿ ಸಾಧ್ಯವಾದರೆ ಭಾಗಗಳ ಬಿಲ್ಲನ್ನು ಗಿರಾಕಿಯ ಹೆಸರಿನಲ್ಲೇ ಮಾಡಿಸಿ. ನೀವು ವ್ಯಾಪಾರ ಅಂತಲೇ ಮಾಡುತ್ತಿದ್ದರೆ ನಿಮ್ಮ ಕಡೆಯ ನೋಂದಣಿ, ತೆರಿಗೆ, ಗ್ರಾಹಕ ಕಾನೂನನ್ನು ಒಮ್ಮೆ ತಿಳಿದವರ ಹತ್ತಿರ ಕೇಳಿ. ಹಾಳೆಯಲ್ಲಿ ಏನೇ ಬರೆದಿದ್ದರೂ ಕಾನೂನು ಅದಕ್ಕಿಂತ ಮೇಲೆ.

ಮನೆಯಲ್ಲಿ ಒಂದು ಹೆಚ್ಚುವರಿ ಎಸ್‌ಎಂಪಿಎಸ್, ಎರಡು ರ‍್ಯಾಮ್ ಸ್ಟಿಕ್, ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಳ್ಳಿ. ಸ್ಟಾಕ್ ಬೇಡ ಎಂದವನು ನಾನೇ, ಆದರೆ ಇವು ಮಾರುವುದಕ್ಕಲ್ಲ. ಕೆಟ್ಟ ಭಾಗ ಕಂಪನಿಗೆ ಹೋಗಿ ಬರುವ ತನಕ ಗಿರಾಕಿಯ ಕೆಲಸ ನಿಲ್ಲಬಾರದಲ್ಲ, ಅದಕ್ಕೆ. ಎಡಿಟಿಂಗ್ ಮಾಡುವವರೊಬ್ಬರ ಎಸ್‌ಎಂಪಿಎಸ್ ಕೆಲಸ ಕೊಡಬೇಕಾದ ಹಿಂದಿನ ದಿನ ಸತ್ತಿತ್ತು. ಒಂದು ಗಂಟೆಯಲ್ಲಿ ನನ್ನದನ್ನು ಹಾಕಿಕೊಟ್ಟೆ. ಆಮೇಲೆ ಅವರ ಸ್ಟುಡಿಯೋದ ನಾಲ್ಕೂ ಕಂಪ್ಯೂಟರ್ ನಾನೇ ಮಾಡಿದ್ದು, ಬೆಲೆಯ ಮಾತೇ ಬರಲಿಲ್ಲ.

ವರ್ಷ ತುಂಬಿದಾಗ ನೀವೇ ಒಂದು ಮೆಸೇಜ್ ಕಳಿಸಿ: ಧೂಳು ತೆಗೆದು, ಬೇಕಿದ್ದರೆ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ಸಾಗಿಸುವ ಲೇಪ) ಬದಲಿಸಿ, ಬಯೋಸ್ ನೋಡಿಕೊಡುತ್ತೇನೆ, ಇಷ್ಟಾಗುತ್ತದೆ ಅಂತ. ಭಾಗಗಳಿಗೆ ದುಡ್ಡು ಹಾಕದೆ ಬರುವ ಆದಾಯ ಇದು. ಎರಡು ಮೂರು ವರ್ಷ ಕಳೆದಾಗ ಅದೇ ಗಿರಾಕಿ ಹೊಸ ಗ್ರಾಫಿಕ್ಸ್ ಕಾರ್ಡ್ ಕೇಳುತ್ತಾರೆ. ಹಳೆಯದನ್ನು ನೀವೇ ಕೊಳ್ಳಿ. ಎಲ್ಲಿತ್ತು, ಯಾರ ಕೈಯಲ್ಲಿತ್ತು, ಎಷ್ಟು ಬಿಸಿಯಾಗುತ್ತಿತ್ತು, ಎಲ್ಲ ನಿಮ್ಮ ಹಾಳೆಯಲ್ಲೇ ಇದೆ. ಬಜೆಟ್ ಕಡಿಮೆ ಇರುವ ಮುಂದಿನ ಗಿರಾಕಿಗೆ ಅದಕ್ಕಿಂತ ನಂಬಿಕೆಯ ಸೆಕೆಂಡ್ ಹ್ಯಾಂಡ್ ಕಾರ್ಡ್ ಬೇರೆ ಎಲ್ಲೂ ಸಿಗುವುದಿಲ್ಲ.